ಫ್ಯೂಶಿಯಾ: ನರಿಯ ಹೆಸರಿನ ಹೂವು

ಫ್ಯೂಶಿಯಾ ಅಂದ ತಕ್ಷಣ ಹಲವರಿಗೆ ನೆನಪಾಗುವುದು ಒಂದು ಬಣ್ಣ. ಗುಲಾಬಿಗೂ ನೇರಳೆಗೂ ನಡುವಿನ, ಕಣ್ಣಿಗೆ ಹೊಡೆಯುವ ಬಣ್ಣ. ಆದರೆ ಅದಕ್ಕೂ ಮೊದಲು ಅದು ಗಿಡದ ಹೆಸರು. ಗಿಡಕ್ಕಿಂತ ಮೊದಲು ಒಬ್ಬ ಮನುಷ್ಯನ ಹೆಸರು. ಇನ್ನೂ ಹಿಂದೆ ಹೋದರೆ, ಜರ್ಮನ್ ಭಾಷೆಯಲ್ಲಿ, ನರಿ!

ಲಿಯೊನ್‌ಹಾರ್ಟ್ ಫುಕ್ಸ್ 1501ರಲ್ಲಿ ಹುಟ್ಟಿದ ಜರ್ಮನ್ ವೈದ್ಯ. ಫುಕ್ಸ್ ಅಂದರೆ ಅವರ ಭಾಷೆಯಲ್ಲಿ ನರಿ. ಆ ಕಾಲದ ಔಷಧಿಯಲ್ಲಿ ಹೆಚ್ಚಿನದು ಗಿಡಮೂಲಿಕೆ. ಗಿಡದ ಗುರುತು ತಪ್ಪಿದರೆ ರೋಗಿಯ ಗತಿ ಅಷ್ಟೇ. ಅದಕ್ಕೇ ಈತ 1542ರಲ್ಲಿ ನೂರಾರು ಗಿಡಗಳ ಚಿತ್ರವಿದ್ದ ದಪ್ಪ ಪುಸ್ತಕವೊಂದನ್ನು ಹೊರತಂದ. 1566ರಲ್ಲಿ ತೀರಿಕೊಂಡ. ತನ್ನ ಹೆಸರಿನ ಹೂವನ್ನು ಅವನು ನೋಡಲೇ ಇಲ್ಲ.

ಹೆಸರಿಟ್ಟವನು ಶಾರ್ಲ್ ಪ್ಲುಮ್ಯೇ, ಫ್ರಾನ್ಸಿನ ಪಾದ್ರಿ, ಗಿಡಗಳ ಹುಚ್ಚು ಇದ್ದವನು. 1690ರ ದಶಕದಲ್ಲಿ ಕೆರಿಬಿಯನ್ ದ್ವೀಪಗಳಲ್ಲಿ ಸುತ್ತುವಾಗ, ಈಗ ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯಗಳಿರುವ ದ್ವೀಪದಲ್ಲಿ ಈ ಪೊದೆ ಅವನ ಕಣ್ಣಿಗೆ ಬಿತ್ತು. 1703ರ ತನ್ನ ಪುಸ್ತಕದಲ್ಲಿ ಅದಕ್ಕೆ ಫುಕ್ಸ್‌ನ ಹೆಸರಿಟ್ಟ. ಬಿಗೋನಿಯಾ, ಮ್ಯಾಗ್ನೋಲಿಯಾ ಅನ್ನುವ ಹೆಸರುಗಳೂ ಇವನವೇ, ಅವೂ ಮನುಷ್ಯರ ನೆನಪಿಗೆ ಇಟ್ಟವು. ಅವನಿಗೂ ಆಮೇಲೆ ಪಾಲು ಸಿಕ್ಕಿತು ಅನ್ನಿ: ದೇವಕಣಗಿಲೆಯನ್ನು ಪ್ಲುಮೇರಿಯಾ ಅನ್ನುತ್ತಾರಲ್ಲ, ಅದು ಈ ಪ್ಲುಮ್ಯೇಯ ಹೆಸರು.

ಇಂಗ್ಲಿಷಿನಲ್ಲಿ ಈ ಪದ ಬರೆಯುವಾಗ ತಪ್ಪುವವರು ಬಹಳ ಜನ. ಬಾಯಲ್ಲಿ ‘ಶ’ ಅನ್ನುತ್ತೇವೆ, ಹಾಗಾಗಿ ಕೈ ತಾನಾಗಿ ‘ಎಸ್’ ಅನ್ನು ಮುಂದಕ್ಕೆ ತಂದುಬಿಡುತ್ತದೆ. ಫುಕ್ಸ್ ನೆನಪಿದ್ದರೆ ಸಾಕು: ಮೊದಲು ‘ಸಿ ಎಚ್’, ಆಮೇಲೆ ‘ಎಸ್’.

ಇನ್ನು ಗಿಡ. ಸುಮಾರು 110 ಜಾತಿಗಳಿವೆ. ಹೆಚ್ಚಿನವುಗಳ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲು. ಸಮಭಾಜಕದ ಹತ್ತಿರವೇ ಇದ್ದರೂ ಎತ್ತರದಿಂದಾಗಿ ತಂಪಾಗಿ, ಮಂಜು ಕವಿದು, ನೆಲ ಸದಾ ತೇವವಾಗಿರುವ ಕಾಡುಗಳು ಅವು. ಉಷ್ಣವಲಯದ ಗಿಡ ಅಂತ ಬಿಸಿಲಿಗಿಟ್ಟು ಬಾಡಿಸುವವರು ಇದನ್ನೇ ಮರೆಯುವುದು.

ಹೂವನ್ನು ಹತ್ತಿರದಿಂದ ನೋಡಬೇಕು. ದಾರದಷ್ಟು ಸಣ್ಣ ತೊಟ್ಟಿಗೆ ಬಹುಪಾಲು ತಲೆಕೆಳಗಾಗಿ ಜೋತಾಡುತ್ತಿರುತ್ತದೆ, ಕಿವಿಗೆ ಹಾಕುವ ಲೋಲಾಕಿನ ಹಾಗೆ. ಹೊರಗೆ ನಾಲ್ಕು ಬಣ್ಣದ ಎಸಳು ರೆಕ್ಕೆ ಬಿಚ್ಚಿದಂತೆ ಕಾಣುತ್ತವಲ್ಲ, ಅವು ನಿಜಕ್ಕೂ ಎಸಳಲ್ಲ, ಮೊಗ್ಗಿನ ಹೊದಿಕೆ. ನಿಜವಾದ ಎಸಳುಗಳು ಒಳಗೆ, ಒಂದರ ಮೇಲೊಂದು ಸುತ್ತಿಕೊಂಡು ಪುಟ್ಟ ಲಂಗದಂತೆ ಇರುತ್ತವೆ. ಬಣ್ಣವೂ ಎಷ್ಟೋ ಸಲ ಬೇರೆಯೇ. ಅದರ ಕೆಳಗಿಂದ ಎಂಟು ಕೇಸರಗಳು ಇಳಿಬೀಳುತ್ತವೆ. ಕೂರಲು ಜಾಗವೇ ಇಲ್ಲದ ಹೂವು. ಆದರೆ ತವರಿನಲ್ಲಿ ಇದರ ಅತಿಥಿ ಗಾಳಿಯಲ್ಲೇ ನಿಂತು ಮಕರಂದ ಕುಡಿಯುವ ಹಮ್ಮಿಂಗ್‌ಬರ್ಡ್, ಅದಕ್ಕೆ ಕೂರುವ ಗೊಡವೆಯೇ ಇಲ್ಲ ಅಲ್ವಾ?

ಕೆಲವು ಜಾತಿಗಳು ದೂರದ ನ್ಯೂಜಿಲೆಂಡಿನಲ್ಲೂ ಇವೆ. ಅಲ್ಲಿನ ಒಂದು ಜಾತಿಯಂತೂ ಪೊದೆಯಲ್ಲ, ಹತ್ತು ಮೀಟರಿಗೂ ಮೀರಿ ಬೆಳೆಯುವ ಮರ. ಅದರ ಪರಾಗ ನೀಲಿ! ಮಾವೊರಿ ಜನ ಅದನ್ನು ಮುಖಕ್ಕೆ ಬಳಿದುಕೊಳ್ಳುತ್ತಿದ್ದರು.

ಗಿಡದ ಹೆಸರು ಬಣ್ಣಕ್ಕೆ ಅಂಟಿದ್ದು 19ನೇ ಶತಮಾನದಲ್ಲಿ. 1859ರ ಸುಮಾರಿಗೆ ಫ್ರಾನ್ಸಿನ ಲಿಯೋನ್ ನಗರದಲ್ಲಿ ವೆರ್ಗ್ಯಾಂ ಎಂಬ ರಸಾಯನ ತಜ್ಞ ಹೊಸ ಬಟ್ಟೆ ಬಣ್ಣವೊಂದನ್ನು ತಯಾರಿಸಿದ. ಹೆಸರು ಫುಕ್ಸಿನ್. ಈ ಹೂವಿನ ಬಣ್ಣ ಹೋಲುವುದಕ್ಕೆ ಹಾಗೆ ಕರೆದರು ಅನ್ನುತ್ತಾರೆ. ಇನ್ನೊಂದು ಮಾತೂ ಇದೆ, ನನಗೆ ಅದೇ ಜಾಸ್ತಿ ಇಷ್ಟ: ಬಣ್ಣ ಮಾರಿದ ಕಂಪನಿ ರೆನಾರ್ ಸೋದರರದು, ಫ್ರೆಂಚಿನಲ್ಲಿ ರೆನಾರ್ ಅಂದರೂ ನರಿಯೇ! ಅದೇ ವರ್ಷ ಇಟಲಿಯ ಮಜೆಂಟಾ ಊರಿನಲ್ಲಿ ಫ್ರೆಂಚರು ಯುದ್ಧ ಗೆದ್ದರು. ಬಣ್ಣಕ್ಕೆ ಆ ಊರಿನ ಹೆಸರೂ ಬಿತ್ತು. ಇವತ್ತಿಗೂ ವೆಬ್ ಬಣ್ಣಗಳ ಪಟ್ಟಿಯಲ್ಲಿ ಫ್ಯೂಶಿಯಾ, ಮಜೆಂಟಾ ಎರಡೂ ಒಂದೇ: ಕೆಂಪು, ನೀಲಿ ಬೆಳಕು ಎರಡೂ ಪೂರ್ತಿ (255), ಹಸಿರು ಸೊನ್ನೆ.

ತಮಾಷೆ ಅಂದರೆ, ಪ್ಲುಮ್ಯೇ ಹೆಸರಿಟ್ಟ ಆ ಮೊದಲ ಫ್ಯೂಶಿಯಾದ ಹೂವು ಈ ಬಣ್ಣದ್ದಲ್ಲವೇ ಅಲ್ಲ. ಅದು ಕಿತ್ತಳೆ ಬೆರೆತ ಕಡುಗೆಂಪು.