ಪರದೇಶದಲ್ಲಿ ಕಾಯಿಲೆ ಬಿದ್ದರೆ ಮೊದಲು ತಾರೀಖು ನೋಡಿ

"ವೀಸಾ ಹತ್ತು ವರ್ಷಕ್ಕಿದೆಯಲ್ಲ ಸರ್, ಇನ್ನೆರಡು ತಿಂಗಳು ಇದ್ದು ಬಂದರೆ ಏನಾಗುತ್ತೆ?" ಅಮೆರಿಕಕ್ಕೆ ಹೋದ ಅಪ್ಪನೋ ಅಮ್ಮನೋ ಅಲ್ಲಿ ಹಾಸಿಗೆ ಹಿಡಿದಾಗ ಊರಿನಲ್ಲಿರುವ ಮಗ ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ ಇದು. ಏನಾಗುತ್ತೆ ಅಂದರೆ, ಸುಮ್ನೆ ಉಳಿದುಬಿಟ್ಟರೆ ಆ ಹತ್ತು ವರ್ಷದ ವೀಸಾನೇ ಹೋಗುತ್ತೆ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕೂತು ವೀಸಾ, ಟಿಕೆಟ್, ಪ್ರಯಾಣ ವಿಮೆಯ ಕಾಗದಪತ್ರ ನೋಡಿಕೊಳ್ಳುವ ಕೆಲಸ ನನ್ನದು. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವವರು ಈಗ ಜಾಸ್ತಿ. ಅಡಿಕೆ ಕೊಯ್ಲು ಮುಗಿಸಿ ಹೊರಡುತ್ತಾರೆ. ಮಳೆಗಾಲ ಅಲ್ಲೇ ಕಳೆದು ಮುಂದಿನ ಕೊನೆಕೊಯ್ಲಿಗೆ ವಾಪಸು. ಆರು ತಿಂಗಳ ಲೆಕ್ಕ ಸರಿಯಾಗಿ ಕೂರುತ್ತೆ, ಕಾಯಿಲೆ ಬರದಿದ್ದರೆ.

ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಬಿ-2, ಅಂದರೆ ಪ್ರವಾಸಿ ವೀಸಾ, ಗೇಟಿನವರೆಗಿನ ಅನುಮತಿ ಅಷ್ಟೇ. ಒಳಗೆ ಎಷ್ಟು ದಿನ ಇರಬಹುದು ಅನ್ನೋದನ್ನು ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ ತೀರ್ಮಾನಿಸುತ್ತಾರೆ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಆ ತಾರೀಖು ಐ-94 ಎಂಬ ದಾಖಲೆಯಲ್ಲಿರುತ್ತೆ. ಅದನ್ನು ಯಾರೂ ಕೈಗೆ ಕೊಡುವುದಿಲ್ಲ. ಅಮೆರಿಕದ ಗಡಿ ಇಲಾಖೆಯ ವೆಬ್‌ಸೈಟಿನಲ್ಲಿ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್ ಹಾಕಿ ನಾವೇ ತೆಗೆದುಕೊಳ್ಳಬೇಕು. ಅದರಲ್ಲಿ 'ಅಡ್ಮಿಟ್ ಅಂಟಿಲ್ ಡೇಟ್' ಎಂದು ಒಂದು ಸಾಲಿರುತ್ತೆ. ಮಗಳ ಮನೆಯ ಫ್ರಿಜ್ ಮೇಲೆ ಅಂಟಿಸಬೇಕಾದ್ದು ಆ ಸಾಲನ್ನು.

ಆಸ್ಪತ್ರೆಗೆ ಸೇರಿದ ಮಾತ್ರಕ್ಕೆ ಆ ತಾರೀಖು ಮುಂದೆ ಹೋಗುವುದಿಲ್ಲ. ಐಸಿಯುನಲ್ಲಿದ್ದರೂ ಅಷ್ಟೇ. ಮುಂದೆ ಹೋಗಬೇಕಾದರೆ ಐ-539 ಎಂಬ ಅರ್ಜಿ ಹಾಕಬೇಕು, ಅದೂ ತಾರೀಖು ಮುಗಿಯುವ ಮೊದಲು. 45 ದಿನ ಮುಂಚೆಯೇ ಹಾಕಿ ಎಂದು ಅಲ್ಲಿನ ವಲಸೆ ಇಲಾಖೆ ಹೇಳುತ್ತೆ. 2024ರ ಏಪ್ರಿಲ್‌ನಲ್ಲಿ ನಿಗದಿಯಾದ ಶುಲ್ಕ ಆನ್‌ಲೈನ್ ಅರ್ಜಿಗೆ 420 ಡಾಲರ್, ಕಾಗದದ ಅರ್ಜಿಗೆ 470. ಇದನ್ನು ಶಿವಮೊಗ್ಗದಿಂದಲೋ ಚೆನ್ನೈನ ಕಾನ್ಸುಲೇಟಿನಿಂದಲೋ ಮಾಡಿಸಲು ಆಗುವುದಿಲ್ಲ. ಅಲ್ಲೇ ಹಾಕಬೇಕು. "ಇಲ್ಲಿಂದಲೇ ಏನಾದರೂ ಮಾಡಿ ಮಾರಾಯ್ರೇ" ಎಂದು ನನ್ನ ಟೇಬಲ್ ಮುಂದೆ ಕೂತವರಿಗೆ ನಾನು ಮಾಡಿಕೊಡಬಹುದಾದ್ದು ಪಹಣಿ, ಪಿಂಚಣಿ ಚೀಟಿ, ಮನೆ ಕಂದಾಯದ ರಸೀದಿ ಜೋಡಿಸಿ ಕಳಿಸುವುದು. ಊರಲ್ಲಿ ತೋಟ ಇದೆ, ಮನೆ ಇದೆ, ಇವರು ವಾಪಸು ಬರುವವರೇ ಎಂದು ತೋರಿಸಲು ಅವು ಬೇಕಾಗುತ್ತವೆ. ಕನ್ನಡದ ದಾಖಲೆಗೆ ಇಂಗ್ಲಿಷ್ ಅನುವಾದ, ಅನುವಾದ ಮಾಡಿದವರ ದೃಢೀಕರಣ ಇರಲೇಬೇಕು. ಬರೀ ಪಹಣಿ ಕಳಿಸಿದರೆ ಅಲ್ಲಿ ಓದುವವರಿಲ್ಲ.

ಅರ್ಜಿ ಹಾಕದೆ ತಾರೀಖು ದಾಟಿದರೆ ವೀಸಾ ತಾನಾಗಿಯೇ ರದ್ದು. ಹಾಗೆ 180 ದಿನಕ್ಕಿಂತ ಜಾಸ್ತಿ ಇದ್ದು ಹೊರಟರೆ ಮೂರು ವರ್ಷ, ಒಂದು ವರ್ಷ ದಾಟಿದರೆ ಹತ್ತು ವರ್ಷ ಮತ್ತೆ ಪ್ರವೇಶವಿಲ್ಲ. ಸಮಯಕ್ಕೆ ಸರಿಯಾಗಿ ಅರ್ಜಿ ಹಾಕಿದ್ದರೆ ಅದು ಇತ್ಯರ್ಥವಾಗುವ ತನಕ ಈ ದಿನಗಳ ಲೆಕ್ಕ ಶುರುವಾಗುವುದಿಲ್ಲ. ತೀರ್ಮಾನಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತೆ. ಎಷ್ಟೋ ಜನ ಗುಣವಾಗಿ ಊರಿಗೆ ಬಂದು ತೋಟ ನೋಡಿಕೊಳ್ಳುತ್ತಿರುವಾಗ ಅರ್ಜಿಯ ಉತ್ತರ ಬರುತ್ತೆ. ನಿರಾಕರಿಸಿದ ಉತ್ತರ ಅಲ್ಲಿದ್ದಾಗಲೇ ಬಂದರೆ ಮಾತ್ರ ತಡ ಮಾಡದೆ ಹೊರಡಬೇಕು.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ, ಡಾಕ್ಟರ್ ಪತ್ರ. ಅರ್ಜಿ ನಿಲ್ಲುವುದೂ ಬೀಳುವುದೂ ಅದರ ಮೇಲೆ.

ಸಾಗರದ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಮಗನ ಮನೆಯ ಬೇಸ್‌ಮೆಂಟ್ ಮೆಟ್ಟಿಲಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಗ ನನಗೆ ಆಸ್ಪತ್ರೆಯ ದಾಖಲೆ ಕಳಿಸಿದ. ಡಿಸ್ಚಾರ್ಜ್ ಸಮ್ಮರಿ, ರಕ್ತ ಪರೀಕ್ಷೆ, ಎಕ್ಸ್-ರೇ ವರದಿ, ಮಾತ್ರೆಗಳ ಪಟ್ಟಿ, ಎಲ್ಲ ಸೇರಿ ದೊಡ್ಡ ಕಂತೆ. ಜೊತೆಗೆ ಎರಡು ಸಾಲಿನ ಪತ್ರ: ಇವರು ನಮ್ಮ ಚಿಕಿತ್ಸೆಯಲ್ಲಿದ್ದಾರೆ, ವಿಶ್ರಾಂತಿ ಬೇಕು. ಈ ಎರಡು ಸಾಲಿನಿಂದ ಏನೂ ಆಗುವುದಿಲ್ಲ. ವಿಶ್ರಾಂತಿ ಸಾಗರದಲ್ಲೂ ತೆಗೆದುಕೊಳ್ಳಬಹುದು, ಅಲ್ವಾ?

ಡಾಕ್ಟರ್ ಹತ್ತಿರ ಮತ್ತೆ ಹೋಗಿ ಬರೆಸಿಕೊಂಡು ಬಂದ ಪತ್ರ ಅರ್ಧ ಪುಟ ಇತ್ತು. ಯಾವ ದಿನ ಬಿದ್ದರು, ಯಾವ ದಿನ ಶಸ್ತ್ರಚಿಕಿತ್ಸೆ ಆಯಿತು. ಈಗ ವಾಕರ್ ಹಿಡಿದು ಎಷ್ಟು ನಡೆಯುತ್ತಾರೆ. ಅಷ್ಟು ಉದ್ದದ ವಿಮಾನ ಪ್ರಯಾಣದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಏಕಿದೆ. ಮುಂದಿನ ತಪಾಸಣೆ ಯಾವಾಗ, ಯಾವ ತಾರೀಖಿನ ಹೊತ್ತಿಗೆ ಪ್ರಯಾಣ ಮಾಡಬಹುದು ಎಂಬ ಅಂದಾಜು. ಚಿಕಿತ್ಸೆಯ ಖರ್ಚೆಷ್ಟು. ಕೆಳಗೆ ಸಹಿ, ಲೈಸೆನ್ಸ್ ನಂಬರ್, ಫೋನ್. ಅಧಿಕಾರಿಗೆ ಬೇಕಾದ್ದು ಇಷ್ಟೇ. ಎಕ್ಸ್-ರೇ ನೋಡಿ ಅರ್ಥ ಮಾಡಿಕೊಳ್ಳುವುದು ಅವರ ಕೆಲಸವಲ್ಲ.

ಮಕ್ಕಳು ಪ್ರೀತಿಯಿಂದ ಬರೆಯುವ ಒಂದು ವಾಕ್ಯ ಇದೆ, ಇಲ್ಲಿ ಚಿಕಿತ್ಸೆ ಚೆನ್ನಾಗಿದೆ, ಇಲ್ಲೇ ಮಾಡಿಸುತ್ತೇವೆ ಅಂತ. ಬಿದ್ದು ಕಾಯಿಲೆಯಾದವರ ಅರ್ಜಿಯಲ್ಲಿ ಇದು ಬೇಡ. ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಆಗುವ ಚಿಕಿತ್ಸೆಗೆ ಅಮೆರಿಕದಲ್ಲೇ ಏಕಿರಬೇಕು ಎಂಬ ಪ್ರಶ್ನೆಯನ್ನು ನಾವೇ ಎಬ್ಬಿಸಿದ ಹಾಗಾಗುತ್ತೆ. ಈಗ ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ, ಇಂಥ ದಿನದ ಹೊತ್ತಿಗೆ ಮಾಡುತ್ತಾರೆ ಎಂದರೆ ಸಾಕು.

ಎಲ್ಲ ಕಾಗದದಲ್ಲೂ ತಾರೀಖು ಒಂದಕ್ಕೊಂದು ಹೊಂದಬೇಕು. ಡಾಕ್ಟರು ನವೆಂಬರ್ ಕೊನೆಗೆ ಗುಣವಾಗುತ್ತೆ ಎಂದು ಬರೆದಿರುತ್ತಾರೆ, ಮಗ ಮಾರ್ಚ್ ತನಕ ಅವಧಿ ಕೇಳಿರುತ್ತಾನೆ, ಟಿಕೆಟ್ ಜನವರಿಗೆ ಬದಲಾಗಿರುತ್ತೆ. ಚಳಿಗಾಲ ಕಳೆಯಲಿ, ಮೊಮ್ಮಗುವಿನ ನಾಮಕರಣ ಆಗಲಿ ಎಂಬ ಆಸೆ ಸಹಜ. ಆದರೆ ಅದನ್ನು ಕಾಯಿಲೆಯ ಅರ್ಜಿಯೊಳಗೆ ತೂರಿಸಿದರೆ ಕಾಯಿಲೆಯೇ ಸುಳ್ಳು ಎನ್ನುವ ಅನುಮಾನ ಬರುತ್ತೆ.

ಮತ್ತೆ, ಹಾಸಿಗೆ ಹಿಡಿದವರ ಜೊತೆಗಿರುವವರ ತಾರೀಖು. ಅಪ್ಪನಿಗೆ ಪಾರ್ಶ್ವವಾಯು, ಎಲ್ಲರೂ ಅಪ್ಪನ ಅರ್ಜಿಯ ಹಿಂದೆ. ಅಮ್ಮ ಆರೋಗ್ಯವಾಗಿದ್ದಾರಲ್ಲ, ಅವರ ಐ-94 ಯಾರಿಗೂ ನೆನಪಾಗುವುದಿಲ್ಲ. ಅವರದೂ ಅದೇ ದಿನ ಮುಗಿಯುತ್ತೆ! ಕಾಗದದ ಅರ್ಜಿಯಾದರೆ ಗಂಡನ ಐ-539ರ ಜೊತೆಗೇ ಐ-539ಎ ಎಂಬ ಪೂರಕ ನಮೂನೆ ತುಂಬಿ ಹೆಂಡತಿಯನ್ನೂ ಸೇರಿಸಬಹುದು. ರೋಗಿಯನ್ನು ನೋಡಿಕೊಳ್ಳಲು ಇವರು ಬೇಕು ಎಂದು ಡಾಕ್ಟರ್ ಪತ್ರದಲ್ಲಿ ಒಂದು ಸಾಲು ಬರೆಸಿ. ಇಬ್ಬರ ಪಾಸ್‌ಪೋರ್ಟೂ ಕೇಳಿದ ಅವಧಿ ಪೂರ್ತಿ ಚಾಲ್ತಿಯಲ್ಲಿರುತ್ತದೆಯೇ ಅಂತಲೂ ನೋಡಿ.

ತಾರೀಖು ಮುಗಿಯಲು ಎರಡು ದಿನ ಇರುವಾಗ ಪಾರ್ಶ್ವವಾಯು ಹೊಡೆದರೆ? ಕೈಮೀರಿದ ಅಸಾಧಾರಣ ಕಾರಣದಿಂದ ತಡವಾಯಿತು ಎಂದು ತೋರಿಸಿದರೆ, ತಡವಾದ ಅರ್ಜಿಯನ್ನೂ ಪರಿಗಣಿಸಲು ನಿಯಮದಲ್ಲಿ ಅವಕಾಶವಿದೆ. ಆದರೆ ಆದ ತಡ ಕಾರಣಕ್ಕೆ ತಕ್ಕಷ್ಟೇ ಇರಬೇಕು. ಐಸಿಯುನಿಂದ ಹೊರಬಂದ ವಾರದಲ್ಲಿ ಹಾಕಿದರೆ ಒಪ್ಪುವ ಮಾತು. ಮೂರು ತಿಂಗಳಾದ ಮೇಲೆ ಹಾಕಿದರೆ ಕಷ್ಟ. ಇಂಥ ಸಂದರ್ಭದಲ್ಲಿ ನಮ್ಮಂಥವರ ಮಾತು ಬಿಟ್ಟು ಅಲ್ಲಿನ ವಲಸೆ ವಕೀಲರ ಹತ್ತಿರ ಹೋಗಿ.

ಬೇರೆ ದೇಶಗಳ ದಾರಿ ಬೇರೆ. ಯುರೋಪಿನ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನದಲ್ಲಿ 90 ದಿನ ಮಾತ್ರ. ಕಾಯಿಲೆಯಂಥ ಅನಿವಾರ್ಯಕ್ಕೆ ಅವಧಿ ವಿಸ್ತರಿಸುವ ನಿಯಮವಿದೆ, ಅದಕ್ಕೆ ಶುಲ್ಕವಿಲ್ಲ. ಸ್ವಂತದ ಗಂಭೀರ ಕಾರಣವಾದರೆ 30 ಯೂರೊ. ಎರಡಕ್ಕೂ ವೀಸಾ ಮುಗಿಯುವ ಮೊದಲೇ, ಆಗ ಇರುವ ದೇಶದ ಕಚೇರಿಯಲ್ಲೇ ಕೇಳಬೇಕು. ಥಾಯ್ಲೆಂಡಿನಲ್ಲಿ ಆಸ್ಪತ್ರೆಯ ಪತ್ರ ಹಿಡಿದು ವಲಸೆ ಕಚೇರಿಗೆ ಹೋದರೆ 1,900 ಬಾತ್‌ಗೆ ವಿಸ್ತರಣೆ ಕೇಳಬಹುದು. ಹಾಗೇ ಉಳಿದರೆ ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000. ಆಸ್ಟ್ರೇಲಿಯಕ್ಕೆ ಹೋಗುವವರು ವೀಸಾ ಪತ್ರದಲ್ಲಿ 8503 ಎಂಬ ಷರತ್ತು ಇದೆಯೇ ನೋಡಿಕೊಳ್ಳಿ. ಇದ್ದರೆ, ಅಲ್ಲಿದ್ದುಕೊಂಡು ಬೇರೆ ವೀಸಾ ಕೇಳುವ ಮೊದಲು ಆ ಷರತ್ತನ್ನು ಸಡಿಲಿಸಿ ಎಂದು ಪ್ರತ್ಯೇಕ ಅರ್ಜಿ ಹಾಕಬೇಕು.

ವಿಮೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಾರ. ಟಿಕೆಟ್ ತಾರೀಖಿನವರೆಗೆ ಸರಿಯಾಗಿ ಅಳೆದು ಪಾಲಿಸಿ ತೆಗೆದುಕೊಳ್ಳುವುದು ಉಳಿತಾಯವಲ್ಲ. ಕಾಯಿಲೆ ಬಂದ ಮೇಲೆ ವಿಸ್ತರಿಸಲು ಹೋದರೆ ಆರೋಗ್ಯವಾಗಿದ್ದೇನೆ ಎಂದು ಬರೆದುಕೊಡಿ ಅನ್ನುತ್ತಾರೆ. ಹಾಸಿಗೆಯಲ್ಲಿರುವವರು ಏನೆಂದು ಬರೆಯುವುದು? ವಿಸ್ತರಿಸಿದರೂ ಆಗಲೇ ಬಂದ ಕಾಯಿಲೆ ಅದರೊಳಗೆ ಸಾಮಾನ್ಯವಾಗಿ ಬರುವುದಿಲ್ಲ. ಅದಕ್ಕೇ ಹೋಗುವಾಗಲೇ ಟಿಕೆಟ್‌ಗಿಂತ ಒಂದು ತಿಂಗಳಾದರೂ ಮುಂದಕ್ಕೆ ತೆಗೆದುಕೊಳ್ಳಿ. ಬಿ.ಪಿ., ಶುಗರ್ ಮುಚ್ಚಿಡಬೇಡಿ. ಅಲ್ಲಿನ ಡಾಕ್ಟರ್ ಹಳೇ ಮಾತ್ರೆ ಯಾವುದು ಎಂದು ಕೇಳಿ ಬರೆದುಕೊಂಡ ಕೂಡಲೇ ಅದು ಕ್ಲೇಮ್ ಕಡತಕ್ಕೂ ಹೋಗುತ್ತೆ.

ಊರಿನಿಂದ ದುಡ್ಡು ಕಳಿಸುವುದಾದರೆ ರಿಸರ್ವ್ ಬ್ಯಾಂಕ್ ನಿಯಮದಂತೆ ಒಬ್ಬರು ಹಣಕಾಸು ವರ್ಷಕ್ಕೆ 2,50,000 ಡಾಲರ್ ತನಕ ಕಳಿಸಬಹುದು. ಪಿಂಚಣಿದಾರರು ನವೆಂಬರ್‌ನಲ್ಲಿ ಅಲ್ಲೇ ಸಿಕ್ಕಿಕೊಂಡರೆ ಜೀವಿತ ಪ್ರಮಾಣಪತ್ರದ ಚಿಂತೆ ಬೇಡ, ಭಾರತೀಯ ರಾಯಭಾರ ಕಚೇರಿಯಲ್ಲಿ ಮಾಡಿಸಬಹುದು. ಸಾಗರದ ಆ ಶಿಕ್ಷಕಿಗೆ ಮುರಿದ ಮೂಳೆಗಿಂತ ನಿಂತುಹೋಗಬಹುದಾದ ಪಿಂಚಣಿಯದೇ ಯೋಚನೆಯಾಗಿತ್ತು.

ಹೊರಡುವ ಹೊತ್ತಿಗೆ ಮತ್ತೊಂದು ಪತ್ರ ಬೇಕು, ಇದು ವಿಮಾನ ಕಂಪನಿಗೆ. ಈಚೆಗೆ ಶಸ್ತ್ರಚಿಕಿತ್ಸೆ ಆದವರಿಗೆ, ದಾರಿಯಲ್ಲಿ ಆಕ್ಸಿಜನ್ ಬೇಕಾದವರಿಗೆ ಮೆಡಿಫ್ ಎಂಬ ನಮೂನೆ ಕೊಡುತ್ತಾರೆ. ಡಾಕ್ಟರ್ ತುಂಬಿ ಸಹಿ ಹಾಕಬೇಕು, ಕಂಪನಿಯ ವೈದ್ಯರು ಒಪ್ಪಬೇಕು. ಟಿಕೆಟ್ ಮಾಡಿಸಿದ ದಿನವೇ ಇದನ್ನು ಕೇಳಿ, ವೀಲ್‌ಚೇರನ್ನೂ ಆಗಲೇ ಹೇಳಿಬಿಡಿ.

ಊರಿಗೆ ಬಂದ ಮೇಲೆ ಅರ್ಜಿಯ ರಸೀದಿ, ಡಾಕ್ಟರ್ ಪತ್ರ, ಆಸ್ಪತ್ರೆಗೆ ಹಣ ಕಟ್ಟಿದ ರಸೀದಿ, ವಾಪಸು ಬಂದ ಬೋರ್ಡಿಂಗ್ ಪಾಸ್ ಎಲ್ಲವನ್ನೂ ಒಂದೇ ಕವರಿನಲ್ಲಿ ಹಾಕಿಡಿ. ಮುಂದಿನ ಸಲ ಹೋಗುವಾಗ ಅದು ಕೈಚೀಲದಲ್ಲಿರಬೇಕು, ಲಗೇಜಿಗೆ ಹಾಕಬೇಡಿ. ಹೋದ ಸಲ ಎಂಟು ತಿಂಗಳು ಏಕಿದ್ದಿರಿ ಎಂದು ಅಧಿಕಾರಿ ಕೇಳೇ ಕೇಳುತ್ತಾರೆ. ಬಿದ್ದೆ, ಆಪರೇಷನ್ ಆಯಿತು ಎಂದು ಹೇಳಿ ಕವರ್ ಮುಂದಿಡಿ. ಮಗ ವಾಟ್ಸಾಪಿನಲ್ಲಿ ಬರೆದು ಕಳಿಸಿದ ಉತ್ತರ ಬಾಯಿಪಾಠ ಮಾಡಿಕೊಂಡು ಹೋಗಬೇಡಿ.