ದೂರು ಕೊಟ್ಟರೆ ಮಗನಿಗೆ ಇನ್ನೂ ಜಾಸ್ತಿ ತೊಂದರೆ ಆಗುತ್ತಾ?

ಪ್ರಶ್ನೆ: ಮಗ ಈ ವರ್ಷ ಇಂಜಿನಿಯರಿಂಗ್ ಸೇರಿದ್ದಾನೆ, ಹಾಸ್ಟೆಲ್‌ನಲ್ಲಿದ್ದಾನೆ. ರಾತ್ರಿ ಸೀನಿಯರ್‌ಗಳು ರೂಮಿಗೆ ಕರೆಸಿ ಗಂಟೆಗಟ್ಟಲೆ ನಿಲ್ಲಿಸುತ್ತಾರಂತೆ. ಅವರ ಲ್ಯಾಬ್ ರೆಕಾರ್ಡನ್ನೂ ಇವನೇ ಬರೆಯಬೇಕಂತೆ. ಪ್ರಿನ್ಸಿಪಾಲರಿಗೆ ಹೇಳೋಣ ಅಂದರೆ, "ಬೇಡಮ್ಮಾ, ನನ್ನ ಹೆಸರು ಗೊತ್ತಾದ್ರೆ ಅವರು ಕಾಲೇಜು ಬಿಡೋ ತನಕ ನನ್ನ ಬಿಡಲ್ಲ" ಅಂತಾನೆ. ಏನು ಮಾಡಲಿ?

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಹೆಸರು ಹೇಳದೆಯೂ ದೂರು ಕೊಡಬಹುದು. 1800-180-5522 ಅಂತ ದೇಶಕ್ಕೆಲ್ಲ ಒಂದೇ ರ‍್ಯಾಗಿಂಗ್ ಸಹಾಯವಾಣಿ ಇದೆ, ದುಡ್ಡು ಕಟ್ಟಬೇಕಿಲ್ಲ, ರಾತ್ರಿ ಎಷ್ಟು ಹೊತ್ತಿಗೆ ಬೇಕಾದರೂ ಮಾಡಬಹುದು. ಮಗನೇ ಮಾಡಬೇಕು ಅಂತಿಲ್ಲ, ನೀವು ಮಾಡಬಹುದು, ಅವನ ರೂಮ್‌ಮೇಟ್ ಮಾಡಬಹುದು. ಕಾಲೇಜಿನ ಹೆಸರು, ಹಾಸ್ಟೆಲ್, ರೂಮ್ ನಂಬರ್, ಯಾವ ದಿನ, ಎಷ್ಟು ಗಂಟೆಗೆ, ಏನು ಮಾಡಿಸಿದರು, ಇಷ್ಟು ಹೇಳಿದರೆ ಸಾಕು. ದೂರಿಗೆ ಒಂದು ನಂಬರ್ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ. ಅಲ್ಲಿಂದ ವಿಷಯ ಪ್ರಿನ್ಸಿಪಾಲರಿಗೂ ವಾರ್ಡನ್‌ಗೂ ಹೋಗುತ್ತದೆ, ಗಂಭೀರವಾಗಿದ್ದರೆ ಪೊಲೀಸರಿಗೂ ಹೋಗುತ್ತದೆ. ಈಗಲೇ ಹೊಡೆಯುತ್ತಿದ್ದಾರೆ, ಜೀವಕ್ಕೆ ಅಪಾಯ ಅನ್ನಿಸಿದರೆ ಇದ್ಯಾವುದಕ್ಕೂ ಕಾಯಬೇಡಿ, ನೇರ 112ಕ್ಕೆ ಮಾಡಿ.

ಆದರೆ ನಿಮ್ಮ ಮಗನ ಭಯ ಸುಳ್ಳೇನಲ್ಲ. ಹಾಸ್ಟೆಲ್ ಅಂದರೆ ಸಣ್ಣ ಊರಿದ್ದ ಹಾಗೆ, ಒಂದು ರೂಮಿನ ಬಗ್ಗೆ ದೂರು ಹೋದರೆ ಯಾರು ಕೊಟ್ಟಿರಬಹುದು ಅಂತ ಲೆಕ್ಕ ಹಾಕುವುದು ಕಷ್ಟವಲ್ಲ, ಅಲ್ವಾ? ಅದಕ್ಕೇ ನಾನು ಪೋಷಕರಿಗೆ ಯಾವಾಗಲೂ ಹೇಳುವುದು, ಇದು ಒಬ್ಬ ಹುಡುಗನ ದೂರಾಗಿ ಉಳಿಯದ ಹಾಗೆ ನೋಡಿಕೊಳ್ಳಿ ಅಂತ. ಅದಕ್ಕೆ ದಾರಿ ನಿಯಮದಲ್ಲೇ ಇದೆ. ವಿಶ್ವವಿದ್ಯಾಲಯ, ಕಾಲೇಜುಗಳನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಯುಜಿಸಿ 2009ರಲ್ಲಿ ಮಾಡಿದ ರ‍್ಯಾಗಿಂಗ್ ತಡೆ ನಿಯಮದ ಪ್ರಕಾರ ಮೊದಲ ಮೂರು ತಿಂಗಳು, ಹದಿನೈದು ದಿನಕ್ಕೊಮ್ಮೆ, ಫ್ರೆಶರ್‌ಗಳಿಂದ ಹೆಸರಿಲ್ಲದ ಚೀಟಿಯಲ್ಲಿ ಮಾಹಿತಿ ತೆಗೆದುಕೊಳ್ಳಬೇಕು. ಬಹಳಷ್ಟು ಪೋಷಕರಿಗೆ ಇದು ಗೊತ್ತೇ ಇಲ್ಲ. ನೀವು ಪ್ರಿನ್ಸಿಪಾಲರನ್ನು ಕಂಡು, ಮಗನ ಹೆಸರೇ ಎತ್ತದೆ, "ಸಾರ್, ಮೊದಲ ವರ್ಷದವರ ಸರ್ವೆ ಮಾಡಿದ್ರಾ? ಈ ವಾರ ಮಾಡಿಸ್ತೀರಾ?" ಅಂತ ಕೇಳಿ. ಇಡೀ ಬ್ಯಾಚ್ ಬರೆದಾಗ ಯಾರ ಕಡೆಗೂ ಬೆರಳು ತೋರಿಸಲು ಆಗುವುದಿಲ್ಲ.

ನಾನು ಕೆಲವು ವರ್ಷ ಕಾಲೇಜೊಂದರ ಆಂಟಿ ರ‍್ಯಾಗಿಂಗ್ ಸ್ಕ್ವಾಡ್‌ನಲ್ಲಿದ್ದೆ. ಹೇಳದೆ ಕೇಳದೆ ಹಾಸ್ಟೆಲ್‌ಗೆ ಹೋಗಿ ನೋಡುವುದು ಸ್ಕ್ವಾಡ್‌ನ ಕೆಲಸ. ಒಂದು ರಾತ್ರಿ ಹನ್ನೊಂದರ ಹತ್ತಿರ ಎರಡನೇ ಮಹಡಿಗೆ ಹತ್ತಿದೆವು. ಎಲ್ಲ ಬಾಗಿಲೂ ಹಾಕಿತ್ತು, ಒಂದು ರೂಮಿನ ಮುಂದೆ ಮಾತ್ರ ಹತ್ತಾರು ಜೊತೆ ಚಪ್ಪಲಿ. ಬಾಗಿಲು ತಟ್ಟಿದೆವು. ಒಳಗೆ ಎಂಟು ಹುಡುಗರು ಗೋಡೆಗೆ ಸಾಲಾಗಿ ನಿಂತಿದ್ದರು, ಗದ್ದ ಎದೆಗೆ ತಾಗಿತ್ತು, ಕಣ್ಣು ಶರ್ಟಿನ ಮೂರನೇ ಗುಂಡಿ ಮೇಲೆ. ಯಾರೂ ಹೊಡೆಯುತ್ತಿರಲಿಲ್ಲ. ಏನಪ್ಪಾ ಇದು ಅಂದರೆ ಎಂಟೂ ಜನ, "ಸುಮ್ನೆ ಇಂಟ್ರೋ ಸಾರ್" ಅಂದರು. ಅದರಲ್ಲಿ ಒಬ್ಬನ ಕಂಕುಳಲ್ಲಿ ಒಂದು ಲ್ಯಾಬ್ ರೆಕಾರ್ಡ್ ಇತ್ತು. ಲೇಬಲ್ ಮೇಲೆ ಇನ್ನೊಬ್ಬನ ಹೆಸರು, ಮೂರನೇ ಸೆಮಿಸ್ಟರ್. ಆ ಹುಡುಗನ ಬಲಗೈ ಮಧ್ಯದ ಬೆರಳು ಪೆನ್ನು ಒತ್ತಿ ಒತ್ತಿ ಕೆಂಪಗೆ ಊದಿತ್ತು.

ಆ ರಾತ್ರಿ ನಾವು ಯಾರನ್ನೂ ಒತ್ತಾಯಿಸಿ ಬಾಯಿ ಬಿಡಿಸಲಿಲ್ಲ. ಮರುದಿನ ಇಡೀ ಮೊದಲ ವರ್ಷಕ್ಕೆ ಚೀಟಿ ಹಂಚಿದೆವು. ಅದೇ ರೂಮ್ ನಂಬರ್ ಮತ್ತೆ ಮತ್ತೆ ಬಂತು. ಮೂರು ಜನ ಸೀನಿಯರ್‌ಗಳನ್ನು ಹಾಸ್ಟೆಲ್‌ನಿಂದ ಹೊರಗೆ ಹಾಕಿ, ಸಸ್ಪೆಂಡ್ ಮಾಡಿದರು. ಚೀಟಿ ಬರೆದ ಒಬ್ಬನ ಹೆಸರೂ ಹೊರಗೆ ಬರಲಿಲ್ಲ.

ಇನ್ನೊಂದು ವಿಷಯ ಹೇಳಬೇಕು, ಇದು ಕೆಲವರಿಗೆ ಇಷ್ಟವಾಗುವುದಿಲ್ಲ. ಆ ಮೂವರಲ್ಲಿ ಒಬ್ಬ ಆಫೀಸಿನಲ್ಲಿ ಅಪ್ಪನ ಎದುರೇ ಅತ್ತುಬಿಟ್ಟ. ಹಿಂದಿನ ವರ್ಷ ಅದೇ ರೂಮಿನಲ್ಲಿ, ಅದೇ ಗೋಡೆಗೆ ಅವನನ್ನೂ ನಿಲ್ಲಿಸಿದ್ದರಂತೆ, ಆಗ ಯಾರೂ ಬಂದು ಬಾಗಿಲು ತಟ್ಟಿರಲಿಲ್ಲ. ಅವನಿಗೆ ಶಿಕ್ಷೆ ಕಡಿಮೆ ಮಾಡಲಿಲ್ಲ, ಮಾಡಲೂ ಬಾರದು. ಆದರೆ ವಾಪಸ್ ಬಂದ ಮೇಲೆ ವಾರಕ್ಕೊಮ್ಮೆ ಕೌನ್ಸೆಲರ್ ಹತ್ತಿರ ಕೂರಿಸಿದೆವು. ಬರೀ ಹೊರಗೆ ಹಾಕಿ ಕೈ ತೊಳೆದುಕೊಂಡರೆ ಮುಂದಿನ ವರ್ಷ ಆ ರೂಮಿಗೆ ಇನ್ನೊಬ್ಬ ಬಂದು ಅದನ್ನೇ ಮಾಡುತ್ತಾನೆ ಅಂತ ನನಗೆ ಅವತ್ತೇ ಅನ್ನಿಸಿತು, ಇವತ್ತಿಗೂ ಹಾಗೇ ಅನ್ನಿಸುತ್ತದೆ.

"ಹೊಡೆದಿಲ್ಲವಲ್ಲ, ಇದೂ ರ‍್ಯಾಗಿಂಗಾ?" ಅಂತ ಕೇಳುವವರು ಇದ್ದಾರೆ. ಹೌದು. ಹೆದರಿಸುವುದು, ನಾಚಿಕೆಯಾಗುವಂಥದ್ದು ಮಾಡಿಸುವುದು, ತಮ್ಮ ಓದಿನ ಕೆಲಸ ಜೂನಿಯರ್ ಕೈಲಿ ಮಾಡಿಸುವುದು, ದುಡ್ಡು ಖರ್ಚು ಮಾಡಿಸುವುದು ಎಲ್ಲ ಅದೇ ನಿಯಮದಲ್ಲಿ ಬರುತ್ತದೆ. 2016ರಲ್ಲಿ ಇನ್ನಷ್ಟು ಸೇರಿಸಿದರು: ಜಾತಿ, ಧರ್ಮ, ಬಣ್ಣ, ಭಾಷೆ, ಊರು, ಬಡತನ ಇಟ್ಟುಕೊಂಡು ಹಿಂಸೆ ಕೊಡುವುದೂ ರ‍್ಯಾಗಿಂಗೇ. ಹಳ್ಳಿಯಿಂದ ಬಂದ ಹುಡುಗನ ಇಂಗ್ಲಿಷ್ ಆಡಿಕೊಂಡು ದಿನಾ ನಗುವುದನ್ನು ತಮಾಷೆ ಅಂತ ಬಿಡಬೇಕಿಲ್ಲ.

ಈ ನಿಯಮ ಇಷ್ಟು ಬಿಗಿಯಾಗಿರುವುದಕ್ಕೆ ಕಾರಣ ಇದೆ. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ಕಾಂಗ್ರಾ ಜಿಲ್ಲೆಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಮೊದಲ ವರ್ಷದ ಹುಡುಗ ಸೀನಿಯರ್‌ಗಳ ಹೊಡೆತಕ್ಕೆ ಸಿಕ್ಕಿ ಸತ್ತುಹೋದ. ಸಾಯುವ ಮುಂಚೆ ಅವನು ದೂರನ್ನೂ ಕೊಟ್ಟಿದ್ದ. ಅದೇ ವರ್ಷ ನಿಯಮವೂ ಬಂತು, ಸಹಾಯವಾಣಿಯೂ ಬಂತು. ಈಗ ಕಾನೂನಿನ ಪ್ರಕಾರ ಅಪರಾಧ ಅಂತ ಕಂಡುಬಂದರೆ 24 ಗಂಟೆಯೊಳಗೆ ಎಫ್‌ಐಆರ್ ಹಾಕಿಸುವುದು ಪ್ರಿನ್ಸಿಪಾಲರ ಜವಾಬ್ದಾರಿ. ನಮ್ಮ ರಾಜ್ಯದಲ್ಲಿ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೂ ರ‍್ಯಾಗಿಂಗ್ ಅಪರಾಧವೇ. "ಕಾಲೇಜಿನ ಮರ್ಯಾದೆ ಪ್ರಶ್ನೆ, ಇಲ್ಲೇ ಮಾತಾಡಿ ಮುಗಿಸೋಣ" ಅಂತ ಯಾರಾದರೂ ನಿಮ್ಮನ್ನು ಕೂರಿಸಿಕೊಂಡು ಹೇಳಿದರೆ ಒಪ್ಪಬೇಡಿ. ದೂರನ್ನು ಬರವಣಿಗೆಯಲ್ಲೇ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ.

ಕಾಲೇಜನ್ನು ಇನ್ನೆರಡು ವಿಷಯ ಕೇಳಿ. ಫ್ರೆಶರ್‌ಗಳಿಗೆ ಬೇರೆ ಬ್ಲಾಕ್ ಇದೆಯಾ? ಇಲ್ಲದಿದ್ದರೆ ಕನಿಷ್ಠ ಬೇರೆ ಮಹಡಿ ಕೊಟ್ಟು, ರಾತ್ರಿ ವಾರ್ಡನ್ ಒಂದು ಸುತ್ತು ಬರುತ್ತಾರಾ? ಸಿಸಿಟಿವಿ ಇದೆ ಅಂತ ಹೇಳುತ್ತಾರೆ, ಆದರೆ ಅದು ಕಾರಿಡಾರ್‌ವರೆಗೆ ಮಾತ್ರ. ರೂಮಿನ ಬಾಗಿಲು ತಟ್ಟೋದಕ್ಕೆ ಮನುಷ್ಯರೇ ಬೇಕು.

ಇನ್ನು ನಿಮ್ಮ ಮಗ. ಇವತ್ತು ರಾತ್ರಿ ಫೋನ್ ಮಾಡಿದಾಗ, "ಧೈರ್ಯವಾಗಿರು, ಎಲ್ಲರಿಗೂ ಆಗುತ್ತೆ" ಅನ್ನಬೇಡಿ. ಊಟ ಆಯ್ತಾ, ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆ ಅಂತ ಕೇಳಿ. ಪಿಸುಮಾತಲ್ಲಿ ಮಾತಾಡುತ್ತಿದ್ದರೆ, ಬೇಗ ಬೇಗ ಫೋನ್ ಇಡುತ್ತಿದ್ದರೆ, ಪಕ್ಕದಲ್ಲಿ ಯಾರೋ ಇದ್ದಾರೆ ಅಂತ ತಿಳಿದುಕೊಳ್ಳಿ. ಹೌದು, ಇಲ್ಲ ಅಂತಷ್ಟೇ ಉತ್ತರ ಕೊಡುವಂಥ ಪ್ರಶ್ನೆ ಕೇಳಿ. ನಿದ್ದೆ ಕೆಟ್ಟಿದ್ದರೆ, ಬದುಕೋದೇ ಬೇಡ ಅನ್ನೋ ಥರ ಮಾತು ಬಂದರೆ ಅವತ್ತೇ ಹೊರಟು ಹೋಗಿ ಕರೆದುಕೊಂಡು ಬನ್ನಿ. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಇದೆ, ಟೆಲಿ ಮಾನಸ್ ಅಂತ, ನಂಬರ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ಅವನೂ ಮಾಡಬಹುದು, ನೀವೂ ಮಾಡಬಹುದು.

ಟಿಸಿ ತೆಗೆಸುವ ಮಾತು ಮಾತ್ರ ಈಗಲೇ ಬೇಡ. ನಾಲ್ಕು ದಿನ ಮನೆಯಲ್ಲಿ ಮಲಗಿ ಎದ್ದು, ಹೊಟ್ಟೆ ತುಂಬ ಉಂಡು, ಆಮೇಲೆ ಅವನೇ ಯೋಚನೆ ಮಾಡಲಿ. ಅಷ್ಟರಲ್ಲಿ ನೀವು ದೂರಿನ ನಂಬರ್ ಹಿಡಿದು ಪ್ರಿನ್ಸಿಪಾಲರನ್ನು ಒಮ್ಮೆ ನೋಡಿ ಬಂದಿರಿ.