ಪದ ಪರಿಚಯ: ರಸ್ಟಿಕೇಟ್

ಕಳೆದ ವಾರ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಸುದ್ದಿ ಬಂತು. ದೊಡ್ಡಮ್ಮನ ಮೊಮ್ಮಗನನ್ನು ಕಾಲೇಜಿನಿಂದ "ಪರ್ಮನೆಂಟಾಗಿ ರಸ್ಟಿಕೇಟ್" ಮಾಡಿದ್ದಾರಂತೆ. ಅರ್ಧ ಗಂಟೆಯಲ್ಲಿ ಹತ್ತು ಜನ ಮರುಗಿದರು. "ಇನ್ನು ಯಾವ ಕಾಲೇಜಿನವರೂ ಸೇರಿಸಿಕೊಳ್ಳಲ್ಲ ಬಿಡಿ" ಎಂದು ಒಬ್ಬರು ತೀರ್ಪನ್ನೂ ಕೊಟ್ಟರು. ನಾನು ಆ ಹುಡುಗನಿಂದಲೇ ಆದೇಶದ ಪ್ರತಿ ತರಿಸಿಕೊಂಡು ಓದಿದೆ. ಹಾಸ್ಟೆಲ್ ಜಗಳಕ್ಕೆ 15 ದಿನ ಸಸ್ಪೆನ್ಷನ್. ಅಷ್ಟೇ. ರಸ್ಟಿಕೇಟ್ ಎಂಬ ಪದ ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಈ ಪದವನ್ನು ಹೀಗೆ ಬಳಸುವುದನ್ನು ನೋಡಿ ನೋಡಿ ಸಾಕಾಗಿದೆ. ಕಾಲೇಜಿನಿಂದ ಯಾರನ್ನು ಯಾವ ರೀತಿ ಹೊರಗಿಟ್ಟರೂ ನಮ್ಮ ಬಾಯಲ್ಲಿ ಅದು ರಸ್ಟಿಕೇಟ್. "ಪರ್ಮನೆಂಟ್ ರಸ್ಟಿಕೇಟ್" ಅಂತೂ ಹಿಂದಿನ ಕಾಲು ಮುಂದಿನ ಕಾಲನ್ನು ಎಡವಿದ ಹಾಗೆ. ಏಕೆಂದರೆ ರಸ್ಟಿಕೇಟ್ ಎಂದರೆ ಸ್ವಲ್ಪ ಕಾಲ ಮಾತ್ರ ಹೊರಗಿಡುವುದು; ವಾಪಸ್ ಬರುವುದು ಆ ಪದದ ಅರ್ಥದೊಳಗೇ ಇದೆ.

ಲ್ಯಾಟಿನ್ ಭಾಷೆಯಲ್ಲಿ 'ರೂಸ್' ಎಂದರೆ ಹಳ್ಳಿಗಾಡು. ಇಂಗ್ಲಿಷಿನ ರೂರಲ್, ರಸ್ಟಿಕ್ ಎರಡೂ ಅದರ ಮಕ್ಕಳು. 'ರೂಸ್ಟಿಕಾರಿ' ಎಂದರೆ ಪಟ್ಟಣ ಬಿಟ್ಟು ಹಳ್ಳಿಯಲ್ಲಿ ಹೋಗಿ ಇರುವುದು. ಮೂಲದಲ್ಲಿ ಅದು ಶಿಕ್ಷೆಯೇ ಅಲ್ಲ. ರೋಮಿನ ಉಳ್ಳವರು ಪಟ್ಟಣದ ಗದ್ದಲ ಬೇಡವೆಂದು ತಮ್ಮ ತೋಟದ ಮನೆಗೆ ಹೋಗಿ ಇರುತ್ತಿದ್ದರಲ್ಲ, ಅದಕ್ಕೂ ಇದೇ ಪದ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನವರು ಇದನ್ನು ಶಿಕ್ಷೆಯ ಪದ ಮಾಡಿಕೊಂಡರು. ತಪ್ಪು ಮಾಡಿದ ವಿದ್ಯಾರ್ಥಿಯನ್ನು ಒಂದೋ ಎರಡೋ ಟರ್ಮ್ ಊರಿಗೆ ಕಳಿಸುವುದು, ಅವಧಿ ಮುಗಿದ ಮೇಲೆ ಕರೆಸಿಕೊಳ್ಳುವುದು. ಪೂರ್ತಿಯಾಗಿ ಹೊರಹಾಕುವುದಕ್ಕೆ ಅವರಲ್ಲಿ ಬೇರೆಯೇ ಮಾತಿತ್ತು, 'ಸೆಂಟ್ ಡೌನ್' ಎನ್ನುತ್ತಿದ್ದರು. ಆಕ್ಸ್‌ಫರ್ಡ್‌ನಲ್ಲಿ ಇವತ್ತಿಗೂ ಕಾಯಿಲೆಯ ಕಾರಣಕ್ಕೆ ವರ್ಷ ಬಿಡುವು ಪಡೆದ ಹುಡುಗಿ "ನಾನು ರಸ್ಟಿಕೇಟ್ ಆಗಿದ್ದೇನೆ" ಎಂದು ಆರಾಮಾಗಿ ಹೇಳುತ್ತಾಳೆ. ಅದರಲ್ಲಿ ಅವಮಾನವೇನೂ ಇಲ್ಲ.

ಕವಿ ಮಿಲ್ಟನ್ ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜಿನಲ್ಲಿ ಓದುತ್ತಿದ್ದಾಗ ತನ್ನ ಟ್ಯೂಟರ್ ಚಾಪೆಲ್ ಜೊತೆ ಜಗಳವಾಡಿಕೊಂಡ. 1626ರ ಹೊತ್ತಿಗೆ ರಸ್ಟಿಕೇಟ್ ಆದನಂತೆ, ಊರು ಸೇರಿದ. ಅವನ ಊರು ಹಳ್ಳಿಯಲ್ಲ, ಲಂಡನ್! ಅಲ್ಲಿ ಪುಸ್ತಕ, ನಾಟಕ ಅಂತ ಸುಖವಾಗಿದ್ದೇನೆ ಎಂದು ಗೆಳೆಯನಿಗೆ ಲ್ಯಾಟಿನ್ ಪದ್ಯ ಬರೆದ. ವಾಪಸ್ ಹೋದಾಗ ಕಾಲೇಜಿನವರು ಬೇರೆ ಟ್ಯೂಟರನ್ನು ಕೊಟ್ಟರು. 1629ರಲ್ಲಿ ಬಿಎ, 1632ರಲ್ಲಿ ಎಂಎ, ಎರಡೂ ಅದೇ ಕೇಂಬ್ರಿಜ್‌ನಿಂದ.

ಕನ್ನಡದಲ್ಲಿ ಇದಕ್ಕೆ ನೆಲೆಯಾದ ಪದ ಇಲ್ಲ. ಗೊಂದಲಕ್ಕೆ ಅದೂ ಒಂದು ಕಾರಣ ಅನಿಸುತ್ತದೆ. ನನ್ನನ್ನು ಕೇಳಿದರೆ "ಊರಿಗೆ ಕಳಿಸು" ಎನ್ನುವುದೇ ಸರಿಯಾದ ಅನುವಾದ. "ಅವನೆಲ್ಲಿ?" ಎಂದರೆ "ಊರಿಗೆ ಹೋಗಿದ್ದಾನೆ" ಎನ್ನುತ್ತೇವೆ. ಹಾಗಂದರೆ ಬರುತ್ತಾನೆ ಎಂದೇ ಅರ್ಥ, ಅಲ್ವಾ? ಯಾವಾಗ ಬರುತ್ತಾನೆ ಎಂದಷ್ಟೇ ಮುಂದಿನ ಪ್ರಶ್ನೆ.

ಸಸ್ಪೆಂಡ್‌ಗೆ ಮಾತ್ರ ನಮ್ಮಲ್ಲಿ ಬಹಳ ಒಳ್ಳೆಯ ಪದ ಇದೆ: ಅಮಾನತು. ಇದು ಅರಬ್ಬಿಯಿಂದ ಬಂದದ್ದು. ಅಮಾನತ್ ಎಂದರೆ ನಂಬಿಕೆಯ ಮೇಲೆ ಇನ್ನೊಬ್ಬರ ಹತ್ತಿರ ಇಟ್ಟ ವಸ್ತು, ಠೇವಣಿ. ಇಮಾನು, ಕೋರ್ಟಿನ ಅಮೀನ, ಇವೆಲ್ಲ ಅದೇ ಬೇರಿನವು. ನೌಕರನನ್ನು ಅಮಾನತಿನಲ್ಲಿಟ್ಟರು ಎಂದರೆ ಅವನ ಕೆಲಸವನ್ನು ಕಿತ್ತುಕೊಂಡಿಲ್ಲ, ವಿಚಾರಣೆ ಮುಗಿಯುವ ತನಕ ತೆಗೆದು ಪಕ್ಕಕ್ಕಿಟ್ಟಿದ್ದಾರೆ. ಇಂಗ್ಲಿಷಿನ ಸಸ್ಪೆಂಡ್‌ಗೆ ಮೂಲ ಅರ್ಥ ನೇತುಹಾಕು ಎಂದು. ಅದರಲ್ಲಿ ಮನುಷ್ಯ ಗಾಳಿಯಲ್ಲಿ ತೂಗುತ್ತಾನೆ. ನಮ್ಮ ಪದದಲ್ಲಿ ಅವನದು ಒಂದು ಕಡೆ ಜೋಪಾನವಾಗಿದೆ. ನನಗಂತೂ ನಮ್ಮದೇ ಜಾಸ್ತಿ ಇಷ್ಟ.

ಡಿಬಾರ್ ಪರೀಕ್ಷೆಗೆ ಸೇರಿದ್ದು. ನಕಲು ಹೊಡೆದು ಸಿಕ್ಕಿಬಿದ್ದವರು ಡಿಬಾರ್ ಆಗುತ್ತಾರೆ ಎಂಬುದು ಎಸ್ಎಸ್ಎಲ್‌ಸಿ ಮಕ್ಕಳಿಗೂ ಗೊತ್ತು. ಬಾಗಿಲಿಗೆ ಅಗುಳಿ ಹಾಕಿದಂತೆ, ಆ ಒಂದು ಬಾಗಿಲಿಗೆ. ಪೂರ್ತಿ ಹೊರಹಾಕುವುದು ಎಕ್ಸ್‌ಪೆಲ್, ಅಂದರೆ ಉಚ್ಚಾಟನೆ. ರಾಜಕೀಯ ಪಕ್ಷಗಳು "6 ವರ್ಷ ಉಚ್ಚಾಟನೆ" ಎಂದು ಹೇಳಿ ಹೇಳಿ ಈ ಪದವನ್ನೂ ಸಡಿಲ ಮಾಡಿಬಿಟ್ಟಿವೆ. ದೆವ್ವ ಬಿಡಿಸುವವರು ಈಗಲೂ ಅದನ್ನು ಸರಿಯಾಗಿ ಬಳಸುತ್ತಾರೆ. ಬಿಡಿಸಿದ ದೆವ್ವ ವಾಪಸ್ ಬರಬಾರದು.

ಇದೆಲ್ಲ ಬರೀ ನಿಘಂಟಿನ ಮಾತಲ್ಲ. ರ‍್ಯಾಗಿಂಗ್ ತಡೆಯಲು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರಲ್ಲಿ ಮಾಡಿದ ನಿಯಮಾವಳಿ ತೆಗೆದು ನೋಡಿ. ಶಿಕ್ಷೆಗಳ ಪಟ್ಟಿಯಲ್ಲಿ ಇವು ಬೇರೆ ಬೇರೆ ಸಾಲುಗಳು. ತರಗತಿಯಿಂದ ಸಸ್ಪೆಂಡ್ ಒಂದು ಕಡೆ, ಪರೀಕ್ಷೆಯಿಂದ ಡಿಬಾರ್ ಇನ್ನೊಂದು ಕಡೆ, ಹಾಸ್ಟೆಲ್‌ನಿಂದ ಹೊರಹಾಕುವುದು ಮತ್ತೊಂದು ಕಡೆ. ರಸ್ಟಿಕೇಷನ್ ಎನ್ನುವ ಕಡೆ ಅವಧಿಯನ್ನೂ ಬರೆದಿದ್ದಾರೆ: 1ರಿಂದ 4 ಸೆಮಿಸ್ಟರ್. ಎಕ್ಸ್‌ಪಲ್ಷನ್ ಅದರ ಕೆಳಗೆ, ಪ್ರತ್ಯೇಕವಾಗಿ ಬರುತ್ತದೆ. ಬೇರೆ ಸಂಸ್ಥೆಗಳಿಗೂ ಸೇರದಂತೆ ತಡೆಯುವ ಮಾತು ಬರುವುದು ಆ ಕೊನೆಯ ಸಾಲಿನಲ್ಲಿ. ಅಲ್ಲೂ "ನಿಗದಿತ ಅವಧಿಗೆ" ಎಂದಿದೆ. ನಮ್ಮ ಗುಂಪಿನವರು ಹೇಳಿದ "ಇನ್ನು ಯಾವ ಕಾಲೇಜಿನವರೂ ಸೇರಿಸಿಕೊಳ್ಳಲ್ಲ" ಎಂಬ ಶಿಕ್ಷೆ ಆ ಪಟ್ಟಿಯಲ್ಲೇ ಇಲ್ಲ.

ಈ ಪದಗಳ ವ್ಯತ್ಯಾಸ ಗೊತ್ತಾಗಬೇಕಾದರೆ ಸುಭಾಷ್‌ಚಂದ್ರ ಬೋಸರ ವಿದ್ಯಾರ್ಥಿ ಜೀವನ ನೋಡಬೇಕು. "ಬೋಸರನ್ನೇ ರಸ್ಟಿಕೇಟ್ ಮಾಡಿದ್ದರು" ಎಂದು ಭಾಷಣಗಳಲ್ಲಿ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಿಜವಾಗಿ ಅವರಿಗಾದದ್ದು ಒಂದಲ್ಲ, ಮೂರು.

1916ರ ಆರಂಭ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜು. ಇತಿಹಾಸದ ಪ್ರೊಫೆಸರ್ ಓಟೆನ್ ವಿದ್ಯಾರ್ಥಿಗಳ ಮೇಲೆ ಕೈ ಮಾಡಿದರೆಂದು ಮುಷ್ಕರ ನಡೆಯಿತು. ಫೆಬ್ರವರಿಯಲ್ಲಿ ಕಾಲೇಜಿನೊಳಗೇ ಓಟೆನ್‌ಗೆ ಹೊಡೆತ ಬಿತ್ತು. ಪ್ರಿನ್ಸಿಪಾಲ್ ಜೇಮ್ಸ್ ಬೋಸರನ್ನು ಕರೆಸಿ, ಕಾಲೇಜಿನಲ್ಲಿ ಅತಿ ಹೆಚ್ಚು ತೊಂದರೆ ಕೊಡುವವನು ನೀನೇ ಎಂದು ಹೇಳಿ ಅಲ್ಲೇ ಸಸ್ಪೆಂಡ್ ಮಾಡಿದರು. ಅದು ಮೊದಲನೆಯದು. ಆಮೇಲೆ ಅಶುತೋಷ್ ಮುಖರ್ಜಿ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ಕೂತಿತು. ಬೋಸರು ಕಾಲೇಜಿನಿಂದ ಎಕ್ಸ್‌ಪೆಲ್ ಆದರು. ಅದು ಎರಡನೆಯದು. ಹಾಗಾದರೆ ಬೇರೆ ಕಾಲೇಜಿನಲ್ಲಿ ಓದುತ್ತೇನೆ, ಅನುಮತಿ ಕೊಡಿ ಎಂದು ವಿಶ್ವವಿದ್ಯಾಲಯವನ್ನು ಕೇಳಿದರು. ಕೊಡಲಿಲ್ಲ. ಅದು ಮೂರನೆಯದು. ಆಗ ಮಾತ್ರ ಬೋಸರು ರಸ್ಟಿಕೇಟ್ ಪದವನ್ನು ಎತ್ತುತ್ತಾರೆ. ಇದರಿಂದ ನಾನು ಹೆಚ್ಚುಕಡಿಮೆ ವಿಶ್ವವಿದ್ಯಾಲಯದಿಂದಲೇ ರಸ್ಟಿಕೇಟ್ ಆದಂತಾಯಿತು ಎಂಬರ್ಥದಲ್ಲಿ ಆತ್ಮಕತೆಯಲ್ಲಿ ಬರೆದಿದ್ದಾರೆ. ಆ "ಹೆಚ್ಚುಕಡಿಮೆ" ಗಮನಿಸಿ. ಅವರಿಗೆ ಪದದ ಅಳತೆ ಗೊತ್ತಿತ್ತು.

ಬೋಸರು ಅಕ್ಷರಶಃ ಊರಿಗೆ ಹೋದರು, ಕಟಕ್‌ಗೆ. ಅಲ್ಲಿ ಕಾಲರಾ ರೋಗಿಗಳ ಸೇವೆ ಮಾಡಿದರು. ವರ್ಷ ಕಳೆದ ಮೇಲೆ ಕಲ್ಕತ್ತೆಗೆ ವಾಪಸ್ ಬಂದು ಮತ್ತೆ ಕೇಳಿದರು. 1917ರಲ್ಲಿ ವಿಶ್ವವಿದ್ಯಾಲಯ ಒಪ್ಪಿತು. ಕಾಲೇಜು ಹುಡುಕುವುದು ಅವರದೇ ಪಾಡು. ಸ್ಕಾಟಿಷ್ ಚರ್ಚ್ ಕಾಲೇಜಿನ ಪ್ರಿನ್ಸಿಪಾಲ್ ಅರ್ಕ್ಹಾರ್ಟ್ ಅವರ ಹತ್ತಿರ ನೇರವಾಗಿ ಹೋಗಿ, ತಾವು ಯಾರು, ಏನಾಯಿತು ಎಂದು ಎಲ್ಲ ಹೇಳಿದರು. ಅರ್ಕ್ಹಾರ್ಟ್ ಇಟ್ಟದ್ದು ಒಂದೇ ಷರತ್ತು: ಪ್ರೆಸಿಡೆನ್ಸಿಯವರು ಆಕ್ಷೇಪ ಇಲ್ಲ ಎನ್ನಬೇಕು. ಅಣ್ಣ ಶರತ್ ಹೋಗಿ ಹೊಸ ಪ್ರಿನ್ಸಿಪಾಲರ ಒಪ್ಪಿಗೆ ತಂದರು. ಬೋಸರು ತತ್ವಶಾಸ್ತ್ರದಲ್ಲಿ ಪ್ರಥಮ ದರ್ಜೆಯಲ್ಲಿ ಬಿಎ ಮುಗಿಸಿದರು. 1919ರಲ್ಲಿ ಹಡಗು ಹತ್ತಿ ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ಹಾಲ್ ಸೇರಿದರು. 1920ರ ಐಸಿಎಸ್ (ಬ್ರಿಟಿಷರ ಕಾಲದ ಆಡಳಿತ ಸೇವೆ) ಪರೀಕ್ಷೆಯಲ್ಲಿ ನಾಲ್ಕನೇ ರ‍್ಯಾಂಕ್.

ಪ್ರೆಸಿಡೆನ್ಸಿಯಿಂದ ಹೊರಬಿದ್ದವರು ಕೇಂಬ್ರಿಜ್ ಸೇರಿದರು ಎಂದು ಹಾರಿಸಿ ಹೇಳಿದರೆ ಮಧ್ಯದ ಮೆಟ್ಟಿಲು ಮರೆತುಹೋಗುತ್ತದೆ. ಸ್ಕಾಟಿಷ್ ಚರ್ಚ್‌ನ ಆ ಎರಡು ವರ್ಷವೇ ಅವರನ್ನು ದಾಟಿಸಿದ್ದು. ನಮ್ಮಲ್ಲಿ ಈಗಲೂ ಡಿಗ್ರಿ ಮಧ್ಯದಲ್ಲಿ ಇನ್ನೂ ಒಳ್ಳೆಯ ಕಾಲೇಜಿಗೆ ಹಾರುವುದು ಕಷ್ಟ. ಸಿಕ್ಕ ಕಡೆ ಡಿಗ್ರಿ ಚೆನ್ನಾಗಿ ಮುಗಿಸಿ, ಎಂಎ ಎಂಟೆಕ್‌ಗೆ ಪ್ರವೇಶ ಪರೀಕ್ಷೆ ಬರೆದು ಮೇಲಕ್ಕೆ ಹೋಗುವುದೇ ರೂಢಿಯಲ್ಲಿರುವ ದಾರಿ. "ಆಕ್ಷೇಪ ಇಲ್ಲ" ಎಂಬ ಪತ್ರದ ಜಾಗದಲ್ಲಿ ಈಗ ಟಿಸಿ ಇದೆ, ಅದರಲ್ಲಿ ನಡತೆಯ ಕಾಲಂ ಇದೆ. ರ‍್ಯಾಗಿಂಗ್‌ಗೆ ಶಿಕ್ಷೆಯಾಗಿದ್ದರೆ ಟಿಸಿ, ಮೈಗ್ರೇಷನ್ ಸರ್ಟಿಫಿಕೇಟ್‌ಗಳಲ್ಲಿ ಅದನ್ನು ನಮೂದಿಸಬೇಕು ಎಂದೂ ಅದೇ ನಿಯಮಾವಳಿಯಲ್ಲಿದೆ. ಆದ್ದರಿಂದ ಮುಚ್ಚಿಡುವ ಯೋಚನೆ ಬೇಡ.

ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮ್ಮವರು ಇನ್ನೊಂದು ಪದ ಗಮನಿಸಬೇಕು: ಪ್ರೊಬೇಷನ್, ಅಂದರೆ ಸುಧಾರಿಸಿಕೊ ಎಂದು ಕೊಡುವ ಎಚ್ಚರಿಕೆಯ ಅವಧಿ. ಅಲ್ಲಿ ಕಾಲೇಜು ಬದಲಾಯಿಸುವುದು ಮಾಮೂಲಿ, ಮಧ್ಯದಲ್ಲೇ ಇನ್ನೂ ಹೆಸರಾದ ಕಾಲೇಜಿಗೆ ಅರ್ಜಿ ಹಾಕುತ್ತಾರೆ. ಅನೇಕ ಕಾಲೇಜುಗಳು ಅರ್ಜಿಯ ಜೊತೆ 'ಕಾಲೇಜ್ ರಿಪೋರ್ಟ್' ಕೇಳುತ್ತವೆ. ವಿದ್ಯಾರ್ಥಿಯ ಓದು, ನಡತೆ ಹೇಗಿತ್ತು ಎಂದು ಅದನ್ನು ತುಂಬುವುದು ಹಿಂದಿನ ಕಾಲೇಜಿನ ಕಚೇರಿ. ಅಲ್ಲಿ ಪ್ರೊಬೇಷನ್ ಎರಡು ಥರ: ಅಂಕ ಕಡಿಮೆಯಾದರೆ ಅಕಾಡೆಮಿಕ್, ನಡತೆ ಕೆಟ್ಟರೆ ಡಿಸಿಪ್ಲಿನರಿ. ಮಗಳಿಗೆ ಕೆಮಿಸ್ಟ್ರಿಯಲ್ಲಿ ಅಂಕ ಕಡಿಮೆ ಬಂದು ಪ್ರೊಬೇಷನ್ ಬಂದರೆ, "ಶಿಸ್ತು ಕ್ರಮ ಆಯ್ತು" ಎಂದು ಅತ್ತವರನ್ನು ನೋಡಿದ್ದೇನೆ. ಸುಮ್ನೆ ಅತ್ತರು. ಅರ್ಜಿಯಲ್ಲಿ ಇವೆರಡಕ್ಕೂ ಬೇರೆ ಬೇರೆ ಉತ್ತರ.

ದೊಡ್ಡಮ್ಮನ ಮೊಮ್ಮಗ ಮೊನ್ನೆ ಮತ್ತೆ ಫೋನ್ ಮಾಡಿದ್ದ. ಮುಂದಿನ ವರ್ಷ ಬೇರೆ ಕಡೆ ಎಂಎಸ್ಸಿಗೆ ಅರ್ಜಿ ಹಾಕಬೇಕಂತೆ. "ಶಿಸ್ತು ಕ್ರಮ ಆಗಿದ್ದರೆ ವಿವರಿಸಿ" ಎಂದು ಕೇಳಿದರೆ ಏನು ಬರೆಯಲಿ ಮಾವ ಎಂದ. ಆದೇಶದಲ್ಲಿರುವ ಪದವನ್ನೇ ಬರಿ ಎಂದೆ. 15 ದಿನ, ಹಾಸ್ಟೆಲ್ ಜಗಳ, ಸಸ್ಪೆನ್ಷನ್, ತಾರೀಖು. ವಾಟ್ಸಾಪ್ ಗುಂಪಿನಲ್ಲಿ ಬಂದ ಪದ ಬರೆಯಬೇಡ.